ದೇವಿಯ ಅಪ್ಪ ಆಟೋದಲ್ಲಿ ಬಂದದ್ದು

ಭೀಮನಬೀಡು,
ಗುಂಡ್ಲುಪೇಟೆ ತಾಲ್ಲೂಕು
ಮಂಗಳವಾರ, ೧೬ ಸೆಪ್ಟೆಂಬರ್ ೨೦೨೫

ಚಾಮರಾಜನಗರದ ಯಶೋದಮ್ಮ ಮೇಡಂ ಅವರಿಗೆ, ನಿಮ್ಮ ಪುಸ್ತಕ ಓದಿದ ಕುಮಾರಿಯ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಬಂದ ಕಡೆಯೆಲ್ಲ ಕೈ ತಡವರಿಸುತ್ತದೆ. ತಪ್ಪು ಕಂಡರೆ ತಿದ್ದಿಕೊಂಡು ಓದಿ, ಬೇಸರ ಮಾಡಿಕೊಳ್ಳಬೇಡಿ. ನಾನು ಓದಿದ್ದು ಐದನೇ ತರಗತಿಯವರೆಗೆ. ಅವ್ವ ವಯನಾಡಿಗೆ ಶುಂಠಿ ಕೆಲಸಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿನ ಶಾಲೆಯಲ್ಲಿ ಮಲಯಾಳ. ನಾವು ವಾಪಸು ಬರುವ ಹೊತ್ತಿಗೆ ನನ್ನ ಜೊತೆಯವರು ಹೈಸ್ಕೂಲು ಸೇರಿದ್ದರು. ಆರನೇ ತರಗತಿಯ ಪುಟ್ಟ ಮಕ್ಕಳ ನಡುವೆ ಹೋಗಿ ಕೂರಲು ನಾಚಿಕೆಯಾಯಿತು. ಆ ನಾಚಿಕೆ ಇನ್ನೂ ಹೋಗಿಲ್ಲ. ನೀವು ಎದುರಿಗೆ ಸಿಕ್ಕಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಕಾಗದವಾದ್ದರಿಂದ ಇಷ್ಟು ಧೈರ್ಯ.

ನಮ್ಮ ಊರಿನ ರಂಜಿನಿ ಹತ್ತನೇ ತರಗತಿ ಪರೀಕ್ಷೆ ಕಟ್ಟುತ್ತಾಳೋ ಇಲ್ಲವೋ ಎನ್ನುವುದು ಈಗ ನಿಮ್ಮ ಪುಸ್ತಕದ ಕೊನೆಯ ಅಧ್ಯಾಯಕ್ಕೆ ಸಿಕ್ಕಿಹಾಕಿಕೊಂಡಿದೆ. ಇದನ್ನು ಓದಿ ನಿಮಗೆ ನಗು ಬರಬಹುದು. ಇಲ್ಲಿ ಯಾರೂ ನಗುತ್ತಿಲ್ಲ. ಹೇಗೆ ಸಿಕ್ಕಿಕೊಂಡಿತು ಎಂದು ತಿಳಿಯಬೇಕಾದರೆ ನಾವು ಪುಸ್ತಕ ಓದುವುದು ಹೇಗೆ ಎಂದು ಮೊದಲು ಹೇಳಬೇಕು.

ನಾವು ಚೆಂಡು ಹೂ ಬಿಡಿಸುವ ಹೆಂಗಸರು. ಗುರುಸಿದ್ದಯ್ಯನವರ ಹೊಲ ಕೇರಳದ ರಸ್ತೆಗೆ ಅಂಟಿಕೊಂಡಿದೆ. ಓಣಂ ಹತ್ತಿರವಾದರೆ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ಕೂಲಿ ತೂಕದ ಮೇಲೆ. ಯಾರ ಚೀಲ ಎಷ್ಟು ತೂಗುತ್ತದೋ ಅವರಿಗೆ ಅಷ್ಟು. ಎರಡು ವರ್ಷದ ಹಿಂದೆ ನಾನು ಊಟದ ಹೊತ್ತಿನಲ್ಲಿ ಬದುವಿನ ಮೇಲೆ ಕುಳಿತು ಒಂದು ಪುಸ್ತಕ ಓದಿ ಹೇಳುತ್ತಿದ್ದೆ. ಹುಡುಗನೊಬ್ಬ ಬಾವಿಗೆ ಬಿದ್ದ ಕಡೆ ಕತೆ ನಿಂತಿತು, ಊಟದ ಹೊತ್ತು ಮುಗಿಯಿತು. ನಮ್ಮ ಗುಂಪಿಗೆ ಹಿರಿಯಳಾದ ಪುಟ್ಟಸಿದ್ದಮ್ಮ ಸೆರಗು ಬಿಗಿದುಕೊಂಡು ಎದ್ದು, "ಏನಮ್ಮಿ, ಆ ಉಡ್ಗನ್ನ ಬಾವಿಲಿ ಬುಟ್ಬುಟ್ಟು ಹೂ ಬಿಡ್ಸಾಕೆ ಓಯ್ತಿಯಾ? ಓದು. ನಿನ್ನ ಚೀಲ ನಾವು ತುಂಬ್ತೀವಿ" ಅಂದಳು. ಅಂದಿನಿಂದ ಅದೇ ರೂಢಿ. ಅವರು ಸಾಲಿನಲ್ಲಿ ಹೂ ಬಿಡಿಸುತ್ತಾ ಮುಂದೆ ಹೋಗುತ್ತಾರೆ, ನಾನು ಓದುತ್ತಾ ಹಿಂದೆ ಹೋಗುತ್ತೇನೆ. ಒಬ್ಬೊಬ್ಬರೂ ಒಂದೊಂದು ಮಡಿಲು ಹೂ ನನ್ನ ಚೀಲಕ್ಕೆ ಸುರಿಯುತ್ತಾರೆ. ಹಿಂದೆ ನಿಂತರೆ ಯಾರೂ ನನ್ನ ಮುಖ ನೋಡುವುದಿಲ್ಲ. ಆದ್ದರಿಂದ ನನ್ನ ದನಿ ನಡುಗುವುದಿಲ್ಲ.

ಪುಸ್ತಕ ತರುವವರು ನಮ್ಮ ಪಂಚಾಯಿತಿ ಗ್ರಂಥಾಲಯದ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅಲ್ಲಿನ ಶಾಂತರಾಜು. ಹರೆಯದ ಹುಡುಗ ಹುಡುಗಿಯರಿಗಾಗಿ ಈಗ ಯಾರು ಯಾರು ಬರೆಯುತ್ತಿದ್ದಾರೋ ಅವರದೇ ಒಂದು ಪೆಟ್ಟಿಗೆ ಈ ಮಳೆಗಾಲಕ್ಕೆ ಬಂತು. ಯಾರು ಬರೆದದ್ದು ಓದಲು ಯೋಗ್ಯ ಹೇಳಿ, ಅವರ ಪುಸ್ತಕ ಇನ್ನಷ್ಟು ತರಿಸುತ್ತೇನೆ ಎಂದರು. ನಮ್ಮ ಪರೀಕ್ಷೆ ಸುಲಭದ್ದಲ್ಲ ಮೇಡಂ. ಒಬ್ಬರ ಪುಸ್ತಕದಲ್ಲಿ ಒಬ್ಬ ತಾತ ಪುಟಪುಟಕ್ಕೂ ಮಕ್ಕಳಿಗೆ ಬುದ್ಧಿ ಹೇಳುತ್ತಾನೆ. ಪುಟ್ಟಸಿದ್ದಮ್ಮ ಸ್ವಲ್ಪ ಹೊತ್ತು ಸಹಿಸಿಕೊಂಡು, "ಈ ತಾತ ಸಾಯದು ಯಾವಾಗಮ್ಮಿ?" ಎಂದು ಕೇಳಿದಳು. ಇನ್ನೊಬ್ಬರ ಮಕ್ಕಳು ದೊಡ್ಡ ಕಟ್ಟಡದ ಲಿಫ್ಟಿನಲ್ಲಿ ಕಳ್ಳನನ್ನು ಹಿಡಿಯುತ್ತಾರೆ. ಚೆನ್ನಾಗಿತ್ತು, ಆದರೆ ರಂಜಿನಿ, "ಇವ್ರಿಗೆ ಒಂದ್ ದಿನಾನೂ ಅಸಿವಾಗಲ್ವಾ ಅಕ್ಕ?" ಎಂದಳು. ಗಂಟಲು ಒಡೆಯುತ್ತಿರುವ ಹುಡುಗನೊಬ್ಬ ಮನೆಯಲ್ಲಿ ಮಾತೇ ನಿಲ್ಲಿಸಿಬಿಡುವ ಕತೆ ಒಂದಿತ್ತು. ಅದನ್ನು ಎರಡು ಸಲ ಓದಿಸಿದರು. ಆ ಲೇಖಕರ ಬೇರೆ ಪುಸ್ತಕ ಬೇಕೆಂದು ಹೇಳಿ ಕಳಿಸಿದ್ದೇವೆ.

ಆಮೇಲೆ ನಿಮ್ಮದು ಬಂತು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ದೇವಿ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತು, ಕೌಂಟರಿನ ಕೆಳಗೆ ಪುಸ್ತಕ ಇಟ್ಟುಕೊಂಡು ಹತ್ತನೇ ಪರೀಕ್ಷೆಗೆ ಓದುವುದು. ಬೋರ್‌ವೆಲ್ ಲಾರಿಯ ಜೊತೆ ಹೋದ ಅವಳ ಅಪ್ಪ ತಿರುಗಿ ಬರದೆ ಇರುವುದು. ಮುಟ್ಟಾದ ದಿನ ಕೂರಲು ಸ್ಟೂಲು ಕೇಳಲಾರದೆ ಅವಳು ರಟ್ಟಿನ ಪೆಟ್ಟಿಗೆಗೆ ಒರಗಿ ನಿಲ್ಲುತ್ತಾಳಲ್ಲ, ಅದನ್ನು ಓದುವಾಗ ಇಡೀ ಸಾಲಿನಲ್ಲಿ ಒಂದು ಕೈಯೂ ಆಡಲಿಲ್ಲ. ಹೂ ಬಿಡಿಸುವವರ ಕೈ ನಿಲ್ಲಿಸುವುದು ದೊಡ್ಡ ಮಾತು. ಈಗ ಬರೆಯುತ್ತಿರುವವರಲ್ಲಿ ನಿಮ್ಮನ್ನು ಓದಲೇಬೇಕು ಎಂದು ಅಂದೇ ತೀರ್ಮಾನವಾಯಿತು.

ರಂಜಿನಿಯೂ ಒಂಬತ್ತಕ್ಕೇ ಬಿಟ್ಟವಳು. ಅವಳ ತಾಯಿ ಆಪರೇಷನ್ ಆಗಿ ಮಲಗಿದಾಗ ಅಡುಗೆ ಮನೆ ಇವಳ ಪಾಲಿಗೆ ಬಂತು, ಮತ್ತೆ ಶಾಲೆಗೆ ಹೋಗಲಿಲ್ಲ. ಈಗ ಹದಿನಾರು ವರ್ಷ. ದೇವಿಯ ಕತೆ ಶುರುವಾದ ಮೇಲೆ ಅವಳು ನನ್ನ ಪಕ್ಕದ ಸಾಲನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಇನ್ನು ಸ್ವಲ್ಪವೇ ಉಳಿದಿತ್ತು. ದೇವಿಯ ಪರೀಕ್ಷೆ ನಾಳೆ ಎನ್ನುವ ಕಡೆ ನಿಲ್ಲಿಸಿದ್ದೆವು. ಆಗ ಕೇರಳದ ಒಂದು ಬಸ್ಸು ಜನ ಫೋಟೋ ತೆಗೆಸಿಕೊಳ್ಳಲು ಇಳಿದರು. ಹೂ ಬಿಡುವ ಕಾಲದಲ್ಲಿ ಇದು ದಿನಾ ಇದ್ದದ್ದೇ. ಗುರುಸಿದ್ದಯ್ಯನವರು ಅವರಿಂದ ತಲೆಗೆ ಇಷ್ಟು ಎಂದು ತೆಗೆದುಕೊಂಡು ಹೊಲದೊಳಗೆ ಬಿಡುತ್ತಾರೆ. ಅವರು "ಚೇಚಿ, ಇಲ್ಲಿ ನೋಡಿ" ಎಂದು ಅಕ್ಕನನ್ನು ಕರೆದಂತೆ ಕರೆಯುತ್ತಾ ಕ್ಯಾಮೆರಾ ಹಿಡಿದು ನನ್ನ ಕಡೆಗೇ ಬಂದರು. ನನಗೆ ಕ್ಯಾಮೆರಾ ಎಂದರೆ ಆಗದು. ಪುಸ್ತಕವನ್ನು ಹತ್ತಿರದ ಚೀಲದ ಬಾಯಿಗೆ ತುರುಕಿ, ಬಗ್ಗಿ ಹೂ ಬಿಡಿಸುವವಳಂತೆ ಗಿಡದ ಮರೆಗೆ ಹೋದೆ. ಯಾರೋ ಅದರ ಮೇಲೆ ಮಡಿಲು ಸುರಿದರು. ರಂಜಿನಿಯ ಅಪ್ಪ ಚೆಲುವಯ್ಯ ಮಾವ ಬಂದು ದಬ್ಬಳದಲ್ಲಿ ಚೀಲದ ಬಾಯಿ ಹೊಲಿದರು, ತಮ್ಮ ಗೂಡ್ಸ್ ಆಟೋಗೆ ಹಾಕಿಕೊಂಡು ಹೋದರು. ಹೂವಿನ ಲೋಡು ಸಾಗಿಸುವವರು ಅವರೇ. ಟೀ ಕುಡಿದು ನಾನು ಪುಸ್ತಕ ಹುಡುಕುವ ಹೊತ್ತಿಗೆ ದೇವಿ ಗುಂಡ್ಲುಪೇಟೆಯಲ್ಲಿ ಲಾರಿ ಹತ್ತಿ ಗಡಿ ದಾಟಿದ್ದಳು.

ನನಗೆ ಅಳು ಬಂತು. ಪುಟ್ಟಸಿದ್ದಮ್ಮ, "ಬುಡಮ್ಮಿ, ಓಣಕ್ಕೆ ಓಗವ್ಳೆ. ಯಾರೋ ಮಲಯಾಳದವ್ರು ಹೂವಿನ ರಂಗೋಲಿ ಮಧ್ಯೆ ಮಡಗ್ಕತಾರೆ" ಎಂದು ನಗಿಸಿದಳು. ನಗು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೇಳಿದ್ದು ಒಂದೇ: "ಪರೀಕ್ಸೆ ಏನಾಯ್ತು?"

ಶಾಂತರಾಜು ಇನ್ನೊಂದು ಪ್ರತಿ ಚಾಮರಾಜನಗರದಿಂದ ಬರಬೇಕು, ತಡವಾಗುತ್ತದೆ ಎಂದರು. ರಂಜಿನಿಯ ಮುಖ ನೋಡಲಾಗಲಿಲ್ಲ. ನಾನು ಮನೆಯಲ್ಲಿ ಪೂರ್ತಿ ಓದಿದ್ದೇನೆ, ನೆನಪಿನಿಂದ ಹೇಳುತ್ತೇನೆ ಎಂದುಬಿಟ್ಟೆ. ಓದಿರಲಿಲ್ಲ. ಮಾರನೇ ಬೆಳಿಗ್ಗೆ ಒಲೆಯ ಮುಂದೆ ಕುಳಿತು ನಾನೇ ಒಂದು ಕೊನೆ ಬರೆದು, ಹೊಲದಲ್ಲಿ ಹೇಳಿದೆ. ಬರೆಯದೆ ಇದ್ದರೆ ನನ್ನ ಬಾಯಿಗೆ ಮಾತು ಬರುವುದಿಲ್ಲ.

ನಾನು ಬರೆದದ್ದರಲ್ಲಿ, ಪರೀಕ್ಷೆಯ ದಿನ ಬೆಳಿಗ್ಗೆ ದೇವಿ ಅಂಗಡಿಯ ಮುಂದೆ ನಿಂತಿರುವಾಗ ಅವಳ ಅಪ್ಪ ಬರುತ್ತಾನೆ. ಗೂಡ್ಸ್ ಆಟೋದಲ್ಲಿ ಬರುತ್ತಾನೆ. ಇಷ್ಟು ವರ್ಷ ಎಲ್ಲಿದ್ದೆ ಎಂದು ಅವಳು ಕೇಳುವುದಿಲ್ಲ, ಅವನು ಹೇಳುವುದಿಲ್ಲ. ಹಾಲ್ ಟಿಕೆಟ್ ಇದೆಯಾ ಎಂದಷ್ಟೇ ಕೇಳಿ, ಅವಳನ್ನು ಹತ್ತಿಸಿಕೊಂಡು ಗೇಟಿನವರೆಗೆ ಬಿಡುತ್ತಾನೆ. ಆಟೋ ಬೇಕೆಂದೇ ಹಾಕಿದೆ ಮೇಡಂ. ನಾನು ಇದನ್ನು ಹೇಳುವ ಹೊತ್ತಿಗೆ ಚೆಲುವಯ್ಯ ಮಾವ ಚೀಲ ಹೊಲಿಯುತ್ತಾ ಅಲ್ಲೇ ಇರುತ್ತಾರೆ ಎಂದು ನನಗೆ ಗೊತ್ತಿತ್ತು. ಅವರ ದಬ್ಬಳ ನಿಂತಿತು. "ಆಟೋ ಯಾವ್ದಂತೆ, ಮೂರ್ ಚಕ್ರದ್ದಾ ನಾಕ್ ಚಕ್ರದ್ದಾ?" ಎಂದು ಕೇಳಿದರು. ಅವತ್ತು ಸಂಜೆ ರಂಜಿನಿ ಪರೀಕ್ಷೆ ಕಟ್ಟುತ್ತೇನೆ ಎಂದಾಗ "ನೋಡನ ಬುಡು" ಅಂದರಂತೆ. ಅವರ ಬಾಯಲ್ಲಿ ಅದು ಒಪ್ಪಿಗೆಯೇ.

ಓಣಂ ಮುಗಿದ ಮೇಲೆ ಶಾಂತರಾಜು ಹೊಸ ಪ್ರತಿ ತಂದರು. ಖುಷಿಯಿಂದ ಹೊಲಕ್ಕೇ ಬೈಕಿನಲ್ಲಿ ಬಂದರು. ನಾನು ಕೈ ಚಾಚುವ ಮೊದಲೇ ರಂಜಿನಿ ತೆಗೆದುಕೊಂಡು, ಕೊನೆಯ ಅಧ್ಯಾಯ ತೆರೆದು ನಿಂತಲ್ಲೇ ಓದಿದಳು. ನೀವು ಬರೆದದ್ದು ನಿಮಗೆ ಗೊತ್ತು. ಅಪ್ಪ ಬರುವುದಿಲ್ಲ. ಅಂಗಡಿಯವನು ರಜೆ ಕೊಡುವುದಿಲ್ಲ. ದೇವಿ ಶಟರ್ ಎತ್ತುತ್ತಾಳೆ, ದೂರದಲ್ಲಿ ಶಾಲೆಯ ಗಂಟೆ ಹೊಡೆಯುತ್ತದೆ, ಅವಳು ಮೊದಲ ಗಿರಾಕಿಗೆ ರೀಚಾರ್ಜ್ ಮಾಡುತ್ತಾಳೆ. ರಂಜಿನಿ ಪುಸ್ತಕ ಮುಚ್ಚಿ, "ಅಕ್ಕ, ಇವ್ಳು ಓಗ್ನೇ ಇಲ್ವಲ್ಲ" ಅಂದಳು. ಆಮೇಲೆ, "ಬರೆಯೋರ್ಗೆ ಗೊತ್ತಿರ್ತದೆ ಅಲ್ವಾ, ನಮ್ಮಂತೋರ್ಗೆ ಆಗಕಿಲ್ಲ ಅಂತ" ಅಂದಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಚೆಲುವಯ್ಯ ಮಾವ ಬೈದರು. ಮನೆಯಲ್ಲಿ ಮಗಳ ಕೈಯಲ್ಲಿ ಓದಿಸಿ ಕೇಳಿ, ಮಾರನೇ ದಿನ ತೂಕದ ಹತ್ತಿರ ಎಲ್ಲರ ಮುಂದೆ ಕೂಗಾಡಿದರು. "ಬುಕ್ಕಲ್ಲಿ ಆ ಅಪ್ಪ ಬರದೇ ಇಲ್ವಲ್ಲಮ್ಮಿ! ನಂಗೆ ಗಾಳ ಹಾಕಾಕೆ ಆಟೋ ತಂದ್ಯಾ? ನಾನೂ ಪೆದ್ದ, ಯಾವ ಆಟೋ ಅಂತ ಬೇರೆ ಕೇಳ್ದೆ! ಓಗ್ಲಿ, ಆ ಮೇಡಮ್ಮೇ ಬರ್ದು ಕಳಿಸ್ಲಿ, ಅಪ್ಪ ಬತ್ತನೆ ಅಂತ. ಆಮ್ಯಾಕೆ ಪರೀಕ್ಸೆ ಮಾತು." ರಂಜಿನಿ ತಲೆ ತಗ್ಗಿಸಿ ಹೂ ಬಿಡಿಸುತ್ತಿದ್ದಳು. ತಾನು ಕಟ್ಟುತ್ತೇನೆ ಎಂದು ಅವಳೂ ಹೇಳಲಿಲ್ಲ.

ಅದಕ್ಕಾಗಿ ಈ ಕಾಗದ. ನೀವು ದೊಡ್ಡ ಮನಸ್ಸು ಮಾಡಿ ಎರಡು ಸಾಲು ಬರೆದು ಕಳಿಸಬೇಕು. ದೇವಿಯ ಅಪ್ಪ ಆಮೇಲೆ ಬಂದ, ಅವಳು ಮುಂದಿನ ಸಲ ಪರೀಕ್ಷೆ ಬರೆದಳು, ಇದು ಪುಸ್ತಕದಲ್ಲಿ ಬಿಟ್ಟುಹೋಗಿದೆ ಎಂದು. ನಿಮ್ಮ ರುಜು ಇದ್ದರೆ ಸಾಕು, ಅವರು ಒಪ್ಪುತ್ತಾರೆ.

ಗುರುವಾರ, ೧೮ ಸೆಪ್ಟೆಂಬರ್

ಮೇಡಂ, ಮಂಗಳವಾರ ಇಷ್ಟು ಬರೆದು ಮಡಿಸಿ ಇಟ್ಟೆ. ಅಂಚೆಗೆ ಹಾಕಲು ಕಾಲು ಏಳಲಿಲ್ಲ. ಮೇಲೆ ಕೇಳಿರುವುದನ್ನು ಹೊಡೆದುಹಾಕುವುದಿಲ್ಲ, ಅದೂ ನಾನೇ ಕೇಳಿದ್ದು. ಆದರೆ ಈಗ ಅದು ನನಗೆ ಬೇಡ. ದಯವಿಟ್ಟು ಬರೆದು ಕಳಿಸಬೇಡಿ.

ನಿಮ್ಮ ಕೊನೆಯ ಅಧ್ಯಾಯವನ್ನು ಆಮೇಲೆ ನಾನೊಬ್ಬಳೇ ಕುಳಿತು ಓದಿದೆ. ಅದರಲ್ಲಿ ಸುಳ್ಳಿಲ್ಲ. ಗಂಟೆ ಕೇಳಿಸಿಕೊಂಡು ಕೆಲಸ ಮಾಡುವುದು ಹೇಗಿರುತ್ತದೆ ಎಂದು ನನಗೆ ಗೊತ್ತು, ವಯನಾಡಿನ ಶುಂಠಿ ಹೊಲದ ಪಕ್ಕದಲ್ಲೇ ಶಾಲೆ ಇತ್ತು. ನೀವು ನನ್ನಂಥವಳನ್ನು ಬರೆದಿದ್ದೀರಿ. ಅದನ್ನು ನಿಮ್ಮ ಕೈಯಿಂದಲೇ ಅಳಿಸಿ, ಅಪ್ಪ ಬಂದ ಎಂದು ಬರೆಸಿದರೆ ನನ್ನ ಕತೆಯನ್ನು ನಾನೇ ಅಳಿಸಿದಂತೆ. ಆದರೆ ಅದು ದೇವಿಗೆ ಆದದ್ದು, ನನಗೆ ಆದದ್ದು. ರಂಜಿನಿಗೂ ಅದೇ ಆಗಬೇಕೆಂದು ನೀವು ಎಲ್ಲೂ ಬರೆದಿಲ್ಲವಲ್ಲ. ಅವಳಿಗೆ ಹಾಗೆ ಕೇಳಿಸಿತು, ಏಕೆಂದರೆ ಬರೆಯುವವರು ಎಂದರೆ ನೀವೊಬ್ಬರೇ ಎಂದುಕೊಂಡಿದ್ದಳು.

ನಿನ್ನೆ ಬೆಳಿಗ್ಗೆ ರಂಜಿನಿಗೆ ಹೇಳಿದೆ: ದೇವಿಯನ್ನು ಬರೆದವರು ಇಬ್ಬರು, ಒಬ್ಬರು ಚಾಮರಾಜನಗರದಲ್ಲಿದ್ದಾರೆ, ಇನ್ನೊಬ್ಬಳು ನಾನು. ಅವಳು ಕಣ್ಣು ಬಿಟ್ಟುಕೊಂಡು, "ಅಂದ್ರೆ ಆಟೋ ನಿನ್ದಾ?" ಎಂದಳು. ನನ್ನದು ಎಂದೆ.

ಮಧ್ಯಾಹ್ನ ಚೆಲುವಯ್ಯ ಮಾವ ಲೋಡಿಗೆ ಬಂದಾಗ, ಹೇಳಬೇಕಾದ್ದನ್ನು ಮೊದಲೇ ಬರೆದು ಇಟ್ಟುಕೊಂಡಿದ್ದೆ. ಈ ಸಲ ಹಿಂದೆ ನಿಲ್ಲಲಿಲ್ಲ. ತಕ್ಕಡಿಯ ಮುಂದೆ, ಅವರ ಎದುರಿಗೇ ನಿಂತು ಓದಿದೆ. "ಮಾವ, ಪುಸ್ತಕ ಬರೆದ ಮೇಡಂ ಆ ಅಪ್ಪನನ್ನು ಕರೆದುಕೊಂಡು ಬರಲಿಲ್ಲ. ಅವರು ನಿಮ್ಮನ್ನು ನೋಡಿಲ್ಲ. ಕರೆದುಕೊಂಡು ಬಂದವಳು ನಾನು. ಹೋದ ವರ್ಷ ರಂಜಿನಿಗೆ ಡೆಂಗ್ಯೂ ಬಂದಾಗ ನೀವು ಹೂವಿನ ಲೋಡು ಅರ್ಧ ದಾರಿಯಲ್ಲಿ ಇಳಿಸಿ, ಖಾಲಿ ಚೀಲದ ಮೇಲೆ ಅವಳನ್ನು ಮಲಗಿಸಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಹೋದಿರಿ. ನಾನು ಹಿಂದೆ ಕೂತು ಅವಳ ತಲೆ ಹಿಡಿದಿದ್ದೆ. ಆ ಅಪ್ಪನನ್ನೇ ನಾನು ಬರೆದದ್ದು. ಮೇಡಂ ರುಜು ಹಾಕಿದರೂ ಹಾಕದಿದ್ದರೂ ಆ ಅಪ್ಪ ಬಂದದ್ದು ನಿಜ."

ಅವರು ದಬ್ಬಳಕ್ಕೆ ದಾರ ಪೋಣಿಸಲು ಹೋದರು. ದಾರ ತೂರಲಿಲ್ಲ.

"ನನ್ನ ಕತೆ ಬರಿ ಅಂತ ನಿನ್ನ ಕೇಳ್ದೋರು ಯಾರಮ್ಮಿ?" ಅಂದರು ಕೊನೆಗೆ.

"ನಾವು ಕೇಳ್ದೋ ಕಣಪ್ಪ," ಎಂದಳು ಪುಟ್ಟಸಿದ್ದಮ್ಮ. "ಸುಮ್ನೆ ಕೇಳ್ನಿಲ್ಲ, ಮಡ್ಲುಗಟ್ಲೆ ಹೂ ಸುರ್ದು ಕೇಳ್ದೋ. ನೀನು ಪುಕ್ಸಟ್ಟೆ ಕೇಳ್ಬುಟ್ಟು ಈಗ ಕಿರಿಕ್ ಮಾಡ್ತಿದ್ದೀಯ."

ಎಲ್ಲರೂ ನಕ್ಕರು. ಚೆಲುವಯ್ಯ ಮಾವನಿಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ. "ಸರಿ, ಓಗ್ಲಿ. ಕಟ್ಲಿ ಪರೀಕ್ಸೆಯ. ಆದ್ರೆ ನಾನು ಆಟೋದಲ್ಲಿ ಕರ್ಕಂಡ್ ಓಗಕಿಲ್ಲ, ಈಗ್ಲೇ ಯೋಳ್ಬುಟ್ಟೆ. ಇವ್ಳು ಬರ್ದಂಗೆ ಕುಣಿಯಕೆ ನಾನೇನು ಸೂತ್ರದ ಬೊಂಬೆಯಾ? ಬಸ್ಸಲ್ಲಿ ಓಗ್ಲಿ."

ರಂಜಿನಿ ಸಾಲಿನಿಂದ ತಲೆ ಎತ್ತಿ, "ಬಸ್ಸೇ ವಾಸಿ ಕಣಪ್ಪ. ನಿನ್ನ ಆಟೋ ಹತ್ತುದ್ರೆ ಮೈಯೆಲ್ಲ ಹೂವಿನ ಗಮಲು" ಎಂದಳು. ಅವಳ ದನಿ ಹಾಗೆ ಕೇಳಿ ತುಂಬ ದಿನವಾಗಿತ್ತು.

ಈ ದಿನ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿದೆ. ಹೈಸ್ಕೂಲಿನ ಹೆಡ್ ಮಾಸ್ಟರನ್ನು ಕಂಡು, ಹೊರಗಿನಿಂದ ಪರೀಕ್ಷೆ ಕಟ್ಟುವವರ ಜೊತೆ ಹೆಸರು ಕೊಟ್ಟು ಬರುತ್ತಾಳೆ. ಗಣಿತ ಅವಳಿಗೆ ಕಷ್ಟ. ಪಾಸಾಗುತ್ತಾಳೋ ಇಲ್ಲವೋ ನನಗೆ ತಿಳಿಯದು. ಅದನ್ನು ನಾನು ಬರೆಯುವುದೂ ಇಲ್ಲ, ಅವಳೇ ಬರೆಯಬೇಕು.

ನಾನು ಬರೆಯುವುದು ಬೇರೆ ಇದೆ. ದೇವಿ ನಿಮ್ಮವಳು, ಅವಳನ್ನು ನಿಮಗೇ ಬಿಡುತ್ತೇನೆ. ಆ ಅಪ್ಪನನ್ನೂ ಆಟೋವನ್ನೂ ಇಟ್ಟುಕೊಂಡು ನನ್ನದೇ ಹುಡುಗಿಯ ಕತೆ ಶುರು ಮಾಡಿದ್ದೇನೆ. ಅವಳು ಹೂ ಬಿಡಿಸುತ್ತಾಳೆ, ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತರೆ ಅಂದು ತೂಕ ಜಾಸ್ತಿ ಬರುತ್ತದೆ ಎಂದು ಅವಳಿಗೆ ಗೊತ್ತು, ಒದ್ದೆ ಹೂ ಭಾರವಲ್ಲವೇ. ನಮ್ಮ ಹುಡುಗಿಯರು ಮಾತಾಡುವಂತೆಯೇ ಮಾತಾಡುತ್ತಾಳೆ. ಮುಗಿದ ಮೇಲೆ ನಿಮಗೆ ಕಳಿಸುತ್ತೇನೆ. ಬೇಡವೆಂದರೂ ಕಳಿಸುತ್ತೇನೆ. ಎಲ್ಲಿ ಕೇಳುವವರ ಕೈ ನಿಲ್ಲುವುದಿಲ್ಲ ಅನ್ನಿಸುತ್ತದೋ ಅಲ್ಲಿ ಗೆರೆ ಎಳೆದು ವಾಪಸು ಕಳಿಸಿ. ಐದನೇ ಕ್ಲಾಸಿನವಳು, ಪಾಪ ಎಂದು ಒಂದು ಗೆರೆಯನ್ನೂ ಬಿಡಬೇಡಿ. ಮುಂದೆ ಪುಸ್ತಕವಾದರೆ 'ಐದನೇ ಕ್ಲಾಸು ಓದಿದ ಹುಡುಗಿ ಬರೆದದ್ದು' ಎಂದು ಮೇಲೆ ಹಾಕಿಸೋಣ, ಜನ ಕೊಳ್ಳುತ್ತಾರೆ ಎನ್ನುತ್ತಾರೆ ಶಾಂತರಾಜು. ನನಗೆ ಒಪ್ಪಿಗೆಯಿಲ್ಲ. ನೀವು ಎಷ್ಟು ಓದಿದ್ದೀರಿ ಎಂದು ನಿಮ್ಮ ಪುಸ್ತಕದ ಮೇಲೆ ಇಲ್ಲವಲ್ಲ.

ಇಂತಿ,
ದೇವಿಗೆ ಇನ್ನೊಂದು ಕೊನೆ ಬರೆದವಳು,
ಕುಮಾರಿ

ಬರೆಯಲು ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟದ್ದು ಒಂದಿದೆ. ಚೆಲುವಯ್ಯ ಮಾವನನ್ನು ನೋಡಿ ಆ ಅಪ್ಪನನ್ನು ಬರೆದೆ ಎಂದೆನಲ್ಲ, ಅದು ಅರ್ಧ ಮಾತ್ರ ನಿಜ. ನಾನು ಎರಡನೇ ತರಗತಿಯಲ್ಲಿದ್ದಾಗ ನಮ್ಮಪ್ಪ ಶುಂಠಿ ಕೆಲಸಕ್ಕೆಂದು ಹೋದವನು ಬರಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ವಯನಾಡಿಗೆ ಹೋದದ್ದು ಕೂಲಿಗೆ ಮಾತ್ರವಲ್ಲ, ಹುಡುಕಲು. ಸಿಗಲಿಲ್ಲ. ವಾಪಸು ಬಂದ ಮೇಲೆ ಅವ್ವ ಅವನ ಹೆಸರೆತ್ತಿಲ್ಲ. ಅವಳೂ ನಮ್ಮ ಗುಂಪಿನಲ್ಲೇ, ಕಡೆಯ ಸಾಲಿನಲ್ಲಿ ಹೂ ಬಿಡಿಸುತ್ತಾಳೆ. ಕತೆ ಕೇಳುತ್ತಾಳೋ ಇಲ್ಲವೋ ಎಂದೇ ನನಗೆ ತಿಳಿದಿರಲಿಲ್ಲ. ದೇವಿಯ ಅಪ್ಪ ಬಂದ ಎಂದು ನಾನು ಹೇಳಿದ ದಿನ ಎಲ್ಲರೂ ಪರೀಕ್ಷೆಯ ಬಗ್ಗೆ ಕೇಳುತ್ತಿದ್ದರು. ಅವ್ವ ಮಡಿಲು ಹಿಡಿದುಕೊಂಡೇ ನೆಟ್ಟಗೆ ನಿಂತು, "ಅವ್ನು ಉಂಡ್ನಾ?" ಎಂದಳು. ಯಾರು ಎಂದೆ. "ಅದೇ, ಆ ಉಡ್ಗಿ ಅಪ್ಪ. ಅಷ್ಟ್ ದೂರದಿಂದ ಬಂದವ್ನೆ. ಏನಾದ್ರೂ ಉಂಡ್ನಾ, ಅಂಗೇ ಒಂಟೋದ್ನಾ?" ಅದನ್ನು ನಾನು ಬರೆದಿರಲಿಲ್ಲ. ಅವಳು ಮತ್ತೆ ಬಗ್ಗಿದಳು.

ಈ ದಿನ ರಂಜಿನಿಯನ್ನು ಬಸ್ಸು ಹತ್ತಿಸಿ ಬಂದವಳು, ಹೊಲಕ್ಕೆ ಹೊರಡುವ ಮೊದಲು ಕುಳಿತು ನನ್ನ ಕತೆಗೆ ಇಷ್ಟು ಸೇರಿಸಿದೆ: ಮಗಳು ಪರೀಕ್ಷೆ ಬರೆದು ಹೊರಗೆ ಬರುವವರೆಗೆ ಅಪ್ಪ ಗೇಟಿನ ಹತ್ತಿರವೇ ಇದ್ದ. ಆಮೇಲೆ ಅವಳ ಜೊತೆ ಮನೆಗೆ ಬಂದ. ಅವ್ವ ಬಿಸಿ ಮುದ್ದೆ ಬಡಿಸಿದಳು. ಕೈ ತೊಳೆದು, ಕೂತು, ಉಂಡ.